ಬಂಡೆಯ ಮೇಲೆ ಮೇಷ್ಟ್ರು ಕಾಣಬೇಕು

ಫೋಟೋ ತೆಗೆಯುವವನನ್ನು ಜನ ಕೇಳುವುದು ಒಂದೇ: ನಾವು ಕಾಣಬೇಕು. ಇಷ್ಟು ಸಣ್ಣ ಕೆಲಸದಲ್ಲಿ ಅಷ್ಟೊಂದು ಎಡವಟ್ಟು ಹೇಗಾಗುತ್ತದೆ ಎಂಬುದು ಅರಸೀಕೆರೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಅಷ್ಟೂ ವರ್ಷ ನನಗೆ ಅರ್ಥವಾಗಲಿಲ್ಲ. ಆಗುತ್ತಲೇ ಇತ್ತು. ನಾನು ಇದುವರೆಗೆ ಬರೆದದ್ದೆಂದರೆ ಫೋಟೋ ಕವರುಗಳ ಮೇಲೆ ಗಿರಾಕಿಗಳ ಹೆಸರು ಮಾತ್ರ. ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಗೊತ್ತಿರುವವರು ಬೇಸರ ಮಾಡಿಕೊಳ್ಳಬಾರದು.

ಮೊದಲನೆಯದಾಗಿ, ಇದು ಮೊಬೈಲಿನಲ್ಲಿ ಫೋಟೋ ತೆಗೆಯುವ ಕಾಲಕ್ಕೆ ಮುಂಚಿನ ಮಾತು. ಕ್ಯಾಮೆರಾಗೆ ರೀಲು ಹಾಕಿ, ಫೋಟೋ ತೆಗೆದು, ಆ ರೀಲನ್ನು ಬಸ್ಸಿನಲ್ಲಿ ಹಾಸನದ ಕಲರ್ ಲ್ಯಾಬಿಗೆ ಕಳಿಸಿ, ಅದು ಪ್ರಿಂಟಾಗಿ ಬರುವವರೆಗೆ ಅದರಲ್ಲಿ ಏನಿದೆ ಎಂದು ತೆಗೆದವನಿಗೂ ಗೊತ್ತಿರುತ್ತಿರಲಿಲ್ಲ. ಮುಂದೆ ಬರುವ ಅರ್ಧ ಕಷ್ಟಕ್ಕೆ ಇದೇ ಕಾರಣ. ಉಳಿದರ್ಧಕ್ಕೆ ನಾನು.

೧. ಬೇಲೂರಿನಲ್ಲಿ ಕಳೆದುಹೋದ ಹೆಂಡತಿ

ಸ್ಟುಡಿಯೋ ಇಡುವ ಮುಂಚೆ ನಾನು ಬೇಲೂರು, ಹಳೇಬೀಡುಗಳಲ್ಲಿ ದೇವಸ್ಥಾನ ನೋಡಲು ಬಂದವರ ಫೋಟೋ ತೆಗೆಯುತ್ತಿದ್ದೆ. ಒಂದು ಸಲ ಬೇಲೂರಿಗೆ ಹಾಸನದಿಂದ ಹೊಸದಾಗಿ ಮದುವೆಯಾದ ಜೋಡಿ ಬಂತು. ಹುಡುಗಿ ಬೂದು ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಅವಳನ್ನು ಗೋಡೆಯ ಶಿಲ್ಪಗಳ ಸಾಲಿಗೆ ಒರಗಿಸಿ ನಿಲ್ಲಿಸಿದೆ. ಕಲ್ಲೂ ಬೂದು, ಸೀರೆಯೂ ಬೂದು ಎಂಬುದು ನನಗೆ ಹೊಳೆಯಲಿಲ್ಲ. ಶಿಲ್ಪ ಚೆನ್ನಾಗಿ ಬರಲಿ ಎಂಬುದೊಂದೇ ತಲೆಯಲ್ಲಿತ್ತು.

ಮುಂದಿನ ವಾರ ಇಬ್ಬರೂ ಫೋಟೋ ತೆಗೆದುಕೊಳ್ಳಲು ಬಂದರು. ಗಂಡ ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದ. "ಇದರಲ್ಲಿ ನನ್ನ ಹೆಂಡತಿ ಯಾವುದು, ಸ್ವಲ್ಪ ತೋರಿಸ್ತೀರಾ?"

"ಇದೇ ಅಲ್ವಾ ಸಾರ್," ಎಂದು ಬೆರಳಿಟ್ಟೆ.

ಹುಡುಗಿ ಬಗ್ಗಿ ನೋಡಿದಳು. "ಅದು ಕಲ್ಲು ಕಣ್ರೀ. ಅದರ ಪಕ್ಕದ್ದು ನಾನು."

ಇನ್ನು ಬೈಗುಳ ಶುರುವಾಗುತ್ತದೆ ಎಂದು ನಾನು ತಲೆ ತಗ್ಗಿಸಿದೆ. ಅವಳು ಮಾತ್ರ ಫೋಟೋವನ್ನು ಎದೆಗೊತ್ತಿಕೊಂಡು ಹೇಳಿದಳು. "ಇದಕ್ಕೆ ಫ್ರೇಮ್ ಹಾಕಿಸಿಕೊಡಿ. ಶಿಲ್ಪದ ಪಕ್ಕ ನಿಂತ್ರೆ ಯಾವುದು ಯಾರು ಅಂತ ಗೊತ್ತಾಗಲ್ಲ ಅಂದ್ರೆ, ಇದನ್ನ ನಮ್ಮತ್ತೆ ನೋಡ್ಲೇಬೇಕು."

೨. ಖಾಕಿ ಅಂಗಿ

ಇದನ್ನು ಯಾಕೆ ಹೇಳಿದೆ ಎಂದರೆ, ಕಲ್ಲಿನ ಮುಂದೆ ಕಲ್ಲಿನ ಬಣ್ಣದ ಬಟ್ಟೆ ಹಾಕಿ ಯಾರನ್ನೂ ನಿಲ್ಲಿಸಬಾರದು ಎಂಬ ಪಾಠ ನನಗೆ ಅಂದೇ ಸಿಕ್ಕಿತ್ತು. ಸಿಕ್ಕಿದ ಪಾಠ ನೆನಪಿನಲ್ಲಿರಬೇಕಲ್ಲ.

ಅರಸೀಕೆರೆಯಲ್ಲಿ ಸ್ಟುಡಿಯೋ ಇಟ್ಟ ಕೆಲವು ವರ್ಷಗಳ ಮೇಲೆ ಒಬ್ಬ ಪಿ.ಟಿ. ಮೇಷ್ಟ್ರು ಬಂದರು. ಪಿ.ಟಿ. ಎಂದರೆ ಹೈಸ್ಕೂಲಿನಲ್ಲಿ ಆಟ ಕಲಿಸುವವರು. ಇವರು ಆಟದ ಜೊತೆಗೆ, ಊರಿಗೆ ಹತ್ತಿರದ ಮಾಲೇಕಲ್ಲಿನ ದಾರಿಯಲ್ಲಿ, ಅಲ್ಲಿನ ದೇವಸ್ಥಾನದ ಬೆಟ್ಟದಿಂದ ಆಚೆಗಿರುವ ಒಂದು ಬಂಡೆಯ ಮೇಲೆ ಮಕ್ಕಳಿಗೆ ಹಗ್ಗ ಕಟ್ಟಿ ಹತ್ತುವುದನ್ನೂ ಕಲಿಸುತ್ತಿದ್ದರು.

"ಓಟದಲ್ಲಿ ಕೊನೆಗೆ ಬರೋ ಮಕ್ಕಳು ಬಂಡೆ ಮೇಲೆ ಎಲ್ಲರಿಗಿಂತ ಮುಂಚೆ ಹತ್ತುತ್ತಾರೆ ಕಣ್ರೀ," ಎಂದರು. "ಅವರ ಮುಖ ಆಗ ನೋಡಬೇಕು ನೀವು. ಈಗ ಅದನ್ನ ನಿಲ್ಲಿಸಿಬಿಡಿ ಅಂತಾರೆ."

ನಿಲ್ಲಿಸಿ ಎಂದವರು ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು. ಊರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಹಿರಿಯರು. ಕೆಟ್ಟವರಲ್ಲ, ಭಯಸ್ಥರು. ಮಕ್ಕಳು ಬಿದ್ದರೆ ಗತಿ ಏನು ಎಂಬುದು ಅವರ ಪ್ರಶ್ನೆ. ಮಂಡಿ ನೋವಿನಿಂದ ಬಂಡೆಯವರೆಗೆ ನಡೆದು ಬರಲು ಅವರಿಗೆ ಆಗುತ್ತಿರಲಿಲ್ಲ. (ಈ ಮಂಡಿ ಕಾಲಿನದು.) ಅದಕ್ಕೆ ಅವರು ಹೇಳಿದ್ದು ಇಷ್ಟು: "ದಸರಾ ರಜಕ್ಕೆ ಮುಂಚೆ ಸಭೆ ಐತೆ. ಅಷ್ಟರಲ್ಲಿ ಒಂದು ಫೋಟೋ ತಂದು ತೋರ್ಸಿ. ಹತ್ತೋರ ಮುಖ ಕಾಣ್ಬೇಕು, ಕಟ್ಟಿರೋ ಹಗ್ಗ ಕಾಣ್ಬೇಕು. ನೋಡಿ ಧೈರ್ಯ ಬಂದ್ರೆ ಸರಿ, ಇಲ್ದಿದ್ರೆ ಮಕ್ಕಳು ಕಬಡ್ಡಿ ಆಡ್ಲಿ. ಅಲ್ಲೀಗಂಟ ಮಕ್ಕಳನ್ನ ಬಂಡೆ ಹತ್ರಕ್ಕೂ ಕರ್ಕೊಂಡು ಹೋಗ್ಬೇಡಿ."

ಹೀಗಾಗಿ ಮೇಷ್ಟ್ರೇ ಹತ್ತಬೇಕು, ನಾನು ತೆಗೆಯಬೇಕು. ಭಾನುವಾರ ಹೋದೆವು. ಅಲ್ಲಿ ಮೂರನೆಯವರೊಬ್ಬರು ಆಗಲೇ ಬಂದು ಬಂಡೆಯ ಬುಡದ ನೆರಳಲ್ಲಿ ನಿಂತಿದ್ದರು. ಒಳ್ಳೆ ದಪ್ಪನೆಯ ಆಸಾಮಿ. ನೋಡಿದರೆ ಅಧ್ಯಕ್ಷರ ಸ್ವಂತ ತಮ್ಮ. ಮಂಡಿಯಲ್ಲಿ ಎಲ್ಲರೂ ಅವರನ್ನು ಚಿಕ್ಕ ಯಜಮಾನ್ರು ಎನ್ನುತ್ತಿದ್ದರು.

ಇವರ ಕೆಲಸ ಏನೆಂದು ಹೇಳಬೇಕು. ಹಗ್ಗದ ಒಂದು ತುದಿ ಹತ್ತುವವರ ಸೊಂಟಕ್ಕೆ. ಅದು ಮೇಲೆ ಹೋಗಿ, ಬಂಡೆಯ ನೆತ್ತಿಯಲ್ಲಿ ಕಟ್ಟಿದ ಕೊಂಡಿಯೊಳಗೆ ತೂರಿ, ಬಾವಿಯ ರಾಟೆಯಲ್ಲಿ ಇಳಿಯುವ ಹಾಗೆ ಕೆಳಗೆ ಬರುತ್ತದೆ. ಕೆಳಗೊಬ್ಬರು ಅದನ್ನು ಬಿಗಿಯಾಗಿ ಹಿಡಿದಿರಬೇಕು. ಮೇಲಿನವರು ಜಾರಿದರೆ ಕೆಳಗಿನವರು ಹಿಡಿದು ನಿಲ್ಲಿಸುತ್ತಾರೆ. ಅದಕ್ಕೆ ತೂಕದ ಮನುಷ್ಯರೇ ಬೇಕು. ಚಿಕ್ಕ ಯಜಮಾನ್ರು ಮೇಷ್ಟ್ರ ಬಾಲ್ಯದ ಗೆಳೆಯರು, ಈ ಕೆಲಸವೆಂದರೆ ಅವರಿಗೆ ಪ್ರಾಣ.

"ನೋಡ್ರಿ," ಎಂದು ನನ್ನನ್ನು ಪಕ್ಕಕ್ಕೆ ಕರೆದರು. "ಫೋಟೋದಾಗೆ ಮೇಷ್ಟ್ರು ಕಾಣ್ಬೇಕು, ಸರಿ. ನಾನು ಕಾಣ್ಬಾರ್ದು. ಭಾನುವಾರ ಮಂಡೀಲಿ ಕೊಬ್ಬರಿ ಆರಿಸಕ್ಕೆ ಕೂರಿಸ್ತಾನೆ ನಮ್ಮಣ್ಣ. ಬೆನ್ನುನೋವು, ಏಳಕ್ಕಾಗಲ್ಲ ಅಂತ ಹೇಳಿ ಬಂದಿವ್ನಿ."

ಮೇಷ್ಟ್ರು ಖಾಕಿ ಪ್ಯಾಂಟು, ಖಾಕಿ ಅಂಗಿ ಹಾಕಿದ್ದರು. ಬಂಡೆಯೂ ಹೆಚ್ಚುಕಡಿಮೆ ಖಾಕಿ. ಹಗ್ಗ ಮಾಸಿದ ಬಿಳಿ, ಹಿಂದಿನ ಆಕಾಶವೂ ಮೋಡ ಕವಿದು ಮಾಸಿದ ಬಿಳಿ. ಬೇಲೂರಿನ ಹುಡುಗಿ ನನಗೆ ನೆನಪಾಗಲೇ ಇಲ್ಲ.

ಪ್ರಿಂಟು ಬಂದಾಗ ಅಧ್ಯಕ್ಷರು ಕನ್ನಡಕ ಹಾಕಿ ನೋಡಿದರು, ಕನ್ನಡಕ ತೆಗೆದು ನೋಡಿದರು. "ಬಂಡೆ ಚೆನ್ನಾಗಿ ಬಂದೈತೆ. ಮೇಷ್ಟ್ರು ಇನ್ನೂ ಹತ್ತಿಲ್ವಾ, ಆಗ್ಲೇ ಇಳಿದುಬಿಟ್ರಾ?"

ಪಕ್ಕದಲ್ಲಿ ಕೂತಿದ್ದ ಚಿಕ್ಕ ಯಜಮಾನ್ರು ಇಣುಕಿ ನೋಡಿ ಹೇಳಿದರು. "ನನ್ನ ಕೇಳಿದ್ರೆ ಇದಕ್ಕಿಂತ ಒಳ್ಳೆ ಫೋಟೋ ಇಲ್ಲ ಕಣಣ್ಣಯ್ಯ."

೩. ಕೆಂಪು ಅಂಗಿ

ಮುಂದಿನ ಭಾನುವಾರ ಮೇಷ್ಟ್ರಿಗೆ ಕೆಂಪು ಅಂಗಿ ಹಾಕಿಸಿದೆ. ಕಂದು ಬಂಡೆಯ ಮೇಲೆ ಕೆಂಪು ಎದ್ದು ಕಾಣುತ್ತದೆ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಮೈಲಿ ದೂರಕ್ಕೆ ಕಾಣುತ್ತಿತ್ತು. ತೊಂದರೆ ಬಂದದ್ದೇ ಅದರಿಂದ.

ನಮ್ಮ ಕಡೆ ಕಲ್ಲುಕ್ವಾರಿಗಳಿವೆ. ಬಂಡೆಗೆ ಮದ್ದು ತುಂಬಿ ಸಿಡಿಸುವ ಮುಂಚೆ ಅಲ್ಲೊಂದು ಕೆಂಪು ಬಾವುಟ ಏರಿಸುತ್ತಾರೆ, ಯಾರೂ ಹತ್ತಿರ ಬರಬೇಡಿ ಎಂದು. ಇದು ಸುತ್ತಮುತ್ತಲಿನ ಕುರಿಗಳಿಗೂ ಗೊತ್ತು. ಮೇಷ್ಟ್ರು ಬಂಡೆಯ ಅರ್ಧಕ್ಕೆ ಏರಿದ್ದರು, ಅಂಗಿ ಗಾಳಿಗೆ ಪಟಪಟ ಹೊಡೆಯುತ್ತಿತ್ತು. ದೂರದಲ್ಲಿ ಕುರಿ ಮೇಯಿಸುತ್ತಿದ್ದವನು ಒಂದು ಕೂಗು ಹಾಕಿದ. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಕುಡುಗೋಲು ಬಿಟ್ಟು ಓಡಿದರು. ಕುರಿಗಳೂ ಓಡಿದವು. ಯಾಕೆ ಓಡುತ್ತಿದ್ದಾರೆ ಎಂದು ನಮಗೆ ತಿಳಿಯಲಿಲ್ಲ. ಕರಡಿ ಬಂತೇನೋ ಎಂದು ಚಿಕ್ಕ ಯಜಮಾನ್ರು ಹಗ್ಗ ಬಿಡದೆ ಸುತ್ತಲೂ ನೋಡಿದರು.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಒಬ್ಬ ಕಂಡಕ್ಟರ್, ತಲೆಯ ಮೇಲೆ ಟಿಕೆಟ್ ಚೀಲ ಇಟ್ಟುಕೊಂಡು ಬಗ್ಗಿ ಬಗ್ಗಿ ಬಂದ.

"ಯಾವಾಗ ಸಿಡಿಸ್ತೀರಾ ಸಾರ್?"

"ಏನು ಸಿಡಿಸೋದು? ಅವರು ನಮ್ಮ ಪಿ.ಟಿ. ಮೇಷ್ಟ್ರು," ಎಂದೆ.

ಕಂಡಕ್ಟರ್ ಮೇಲೆ ನೋಡಿದ. ಮೇಷ್ಟ್ರು ಅಲ್ಲಿಂದಲೇ ಒಂದು ಕೈ ಎತ್ತಿ ನಮಸ್ಕಾರ ಮಾಡಿದರು.

"ಹಂಗಾದ್ರೆ ಬೇಗ ಇಳಿಸ್ರಿ ಸಾರ್ ಅವರನ್ನ. ಗಂಡಸಿಗೆ ಹೋಗೋ ಬಸ್ ನಿಲ್ಸಿದೀವಿ, ಪ್ಯಾಸೆಂಜರುಗಳೆಲ್ಲ ಆವಾಗಿಂದ ಕಿವಿ ಮುಚ್ಕೊಂಡು ಕೂತವ್ರೆ."

೪. ನೀಲಿ ಬಂಡೆ

ಹಾಗಾಗಿ ಹಳದಿ ಅಂಗಿಗೆ ಬಂದೆವು. ಹಳದಿಗೆ ಯಾರೂ ಓಡುವುದಿಲ್ಲ. ಹಗ್ಗದ ಹಿಂದೆ ಆಕಾಶ ಬರದೆ ಬಂಡೆಯೇ ಬರುವ ಹಾಗೆ ನಾನು ಪಕ್ಕದ ಗುಂಡಿನ ಮೇಲೆ ಹತ್ತಿ ಕೂತೆ. (ಗುಂಡು ಎಂದರೆ ದುಂಡನೆಯ ದೊಡ್ಡ ಕಲ್ಲು.) ನಡುಹಗಲ ಬಿಸಿಲಿಗೆ ಬಣ್ಣವೆಲ್ಲ ಬಿಳಚಿಕೊಳ್ಳುತ್ತದೆ, ಬೆಳಗಿನ ಓರೆ ಬಿಸಿಲಿಗೆ ಕಲ್ಲಿನ ಬಣ್ಣ ಮೇಲೇಳುತ್ತದೆ. ಅದಕ್ಕೆ ಬೆಳಗ್ಗೆಯೇ ಹೋದೆವು. ಇನ್ನೇನೂ ಉಳಿದಿಲ್ಲ ಎಂಬಷ್ಟು ಜಾಗ್ರತೆ ಮಾಡಿದ್ದೆ.

ಹಾಸನದಿಂದ ಪ್ರಿಂಟು ಬಂತು. ಬಂಡೆ ನೀಲಿ. ಮೇಷ್ಟ್ರ ಮೈಕೈ ನೀಲಿ. ಅಂಗಿ ಒಂದು ಥರದ ಪಾಚಿ ಹಸಿರು.

ಸಭೆ ಹತ್ತಿರ ಬರುತ್ತಿತ್ತು. ಇದನ್ನಾದರೂ ತೋರಿಸೋಣ, ಮನುಷ್ಯ ಅಂತೂ ಕಾಣುತ್ತಾನಲ್ಲ ಎಂದು ಮೇಷ್ಟ್ರು ತೆಗೆದುಕೊಂಡು ಹೋದರು. ಅಧ್ಯಕ್ಷರು ಬಹಳ ಸಂತೋಷಪಟ್ಟರಂತೆ. "ಈಜು ಕಲಿಸ್ತೀನಿ ಅಂತ ಮೊದ್ಲೇ ಹೇಳ್ಬಾರ್ದಾ ಮೇಷ್ಟ್ರೇ? ಈಜಿಗೆ ನಂದೇನೂ ಅಡ್ಡಿಯಿಲ್ಲ. ಆದ್ರೆ ಇಷ್ಟು ನೀರು ನಮ್ಮೂರಾಗೆ ಎಲ್ಲಿ ಹುಡುಕಿದ್ರಿ?"

ನಾನೇ ಹಾಸನಕ್ಕೆ ಹೋದೆ. ಲ್ಯಾಬಿನವರು ಪಾಪ ಸಭ್ಯರು. "ಮಿಷನ್ನು ಸಾರ್ ಅದು," ಎಂದರು. "ಚಿತ್ರದ ತುಂಬ ಹಳದಿ, ಕಂದು ಕಂಡ್ರೆ ಏನೋ ತಪ್ಪಾಗಿದೆ ಅಂದ್ಕೊಂಡು ತಾನೇ ನೀಲಿ ಸೇರಿಸಿಬಿಡುತ್ತೆ. ಮದುವೆ ಫೋಟೋಗೆ ಅಭ್ಯಾಸ ಆಗಿದೆ ಅದಕ್ಕೆ, ಬಂಡೆ ಹೊಸದು."

ನಾನು ಇದಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಬಂಡೆಯ ಬುಡದಲ್ಲಿ ಬಿದ್ದಿದ್ದ ಒಂದು ಚಕ್ಕೆ ಕಲ್ಲನ್ನು ಜೇಬಿನಿಂದ ತೆಗೆದು ಮಿಷನ್ನಿನ ಮೇಲಿಟ್ಟೆ. "ಬಂಡೆ ಈ ಬಣ್ಣಕ್ಕೆ ಬರಬೇಕು. ಇನ್ನೊಂದು ಮಾತು. ನಮಗೆ ಮುಖ್ಯ ಮನುಷ್ಯರು. ಯಾರೇ ಇರಲಿ, ಎಲ್ಲೇ ಇರಲಿ, ಚಿತ್ರದೊಳಗೆ ಮನುಷ್ಯರಿದ್ದರೆ ಅವರು ಕಾಣಬೇಕು."

"ಯಾರೇ ಇದ್ದರೂ ಕಾಣಿಸ್ತೀನಿ ಸಾರ್," ಎಂದು ಅವರು ಕಲ್ಲಿನ ಮೇಲೆ ಕೈಯಿಟ್ಟು ಹೇಳಿದರು. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನು ಮರೆತೆ.

ಕಲ್ಲನ್ನು ವಾಪಸ್ಸು ತರುವುದನ್ನೂ ಮರೆತೆ. ಆ ವಾರ ಅವರು ಎಲ್ಲ ಫೋಟೋಗಳಿಗೂ ಅದನ್ನೇ ಮುಂದಿಟ್ಟುಕೊಂಡು ಬಣ್ಣ ಕೂಡಿಸಿದರಂತೆ. ಹಾಸನದ ಮದುಮಕ್ಕಳೆಲ್ಲ ನಮ್ಮ ಬಂಡೆಯ ಬಣ್ಣಕ್ಕೆ ತಿರುಗಿದ್ದರು.

೫. ಹರಿವಾಣ

ಬಣ್ಣ ಸರಿಹೋಯಿತು. ಉಳಿದದ್ದು ಮುಖ. ಬಂಡೆ ಹತ್ತುವವರು ಬಂಡೆಯ ಕಡೆಗೇ ಮುಖ ಮಾಡಿರುತ್ತಾರೆ, ಬೇರೆ ದಾರಿಯಿಲ್ಲ. ಬಿಸಿಲು ಬೆನ್ನಿನ ಮೇಲೆ, ಮುಖ ನೆರಳಲ್ಲಿ. ಪಕ್ಕದಿಂದ ತೆಗೆದರೂ ಮುಖ ಕಪ್ಪಾಗಿಯೇ ಬರುತ್ತಿತ್ತು. ಆ ನೆರಳಿಗೆ ಎಲ್ಲಿಂದಲಾದರೂ ಒಂದಿಷ್ಟು ಬೆಳಕು ಎಸೆಯಬೇಕು.

ನನ್ನ ಹೆಂಡತಿಗೆ ತವರಿನವರು ಕೊಟ್ಟ ದೊಡ್ಡ ಸ್ಟೀಲ್ ಹರಿವಾಣವಿತ್ತು, ಅಗಲವಾದ ತಟ್ಟೆ. ಬಿಸಿಲಿಗೆ ಹಿಡಿದರೆ ಕನ್ನಡಿಯಂತೆ ಬೆಳಕು ಚೆಲ್ಲುತ್ತಿತ್ತು. ಕೇಳಿದಾಗ ಅವಳು, "ನಿಮ್ಮ ಕೈಗೆ ಕೊಟ್ರೆ ಸೊಟ್ಟ ಮಾಡ್ತೀರಾ, ನಾನೇ ಹಿಡ್ಕೋತೀನಿ," ಎಂದು ಹೊರಟಳು. ಬುತ್ತಿಗೆ ಒಂದು ಡಬರಿ ಚಿತ್ರಾನ್ನವನ್ನೂ ಕಟ್ಟಿಕೊಂಡಳು.

ಅದು ಶ್ರಾವಣ ಮಾಸ. ಭಾನುವಾರವೂ ಮಾಲೇಕಲ್ಲಿಗೆ ಜನ ಬರುತ್ತಿದ್ದರು. ನನ್ನ ಹೆಂಡತಿ ಹರಿವಾಣ ಎತ್ತಿ ಹಿಡಿದಳು, ಮೇಷ್ಟ್ರ ಮುಖ ಬೆಳಗಿತು, ನಾನು ಒಂದು ಫೋಟೋ ತೆಗೆದೆ. ಇನ್ನೊಂದು ತೆಗೆಯಲು ರೀಲು ತಿರುಗಿಸುವಾಗ ಹಿಂದೆ ಸದ್ದಾಯಿತು. ಬೆಟ್ಟ ಇಳಿದು ಬಂದ ಹತ್ತಾರು ಜನ ಬಂಡೆಯ ಮುಂದೆ ಸಾಲಾಗಿ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ದೇವರ ಬೆಟ್ಟದ ಪಕ್ಕ, ಶ್ರಾವಣದಲ್ಲಿ, ಒಬ್ಬ ಗೃಹಿಣಿ ಹರಿವಾಣ ಎತ್ತಿ ಹಿಡಿದು ನಿಂತಿದ್ದಾಳೆ ಎಂದರೆ ಊಟ ಹಾಕುತ್ತಾರೆ ಎಂದಲ್ಲದೆ ಬೇರೆ ಏನು ಅರ್ಥ?

ಮೊದಲು ಕೂತಿದ್ದ ಅಜ್ಜಿ ಕೇಳಿದರು. "ಎಲೆ ಹಾಕ್ತೀಯೇನವ್ವ, ಕೈಗೇ ಕೊಡ್ತೀಯೋ?"

ಹೆಂಡತಿ ನನ್ನನ್ನು ನೋಡಿದಳು, ಸಾಲನ್ನು ನೋಡಿದಳು. ಕೂತವರನ್ನು ಎಬ್ಬಿಸಿ ಕಳಿಸುವವಳಲ್ಲ ಅವಳು. "ಕೈಗೇ ಕೊಡ್ತೀನಿ ಅಜ್ಜಿ," ಎಂದು ಡಬರಿಯ ಚಿತ್ರಾನ್ನವನ್ನು ಹರಿವಾಣಕ್ಕೆ ಸುರಿದುಕೊಂಡು ಹೊರಟಳು.

ಮೇಲಿನಿಂದ ಮೇಷ್ಟ್ರ ದನಿ. "ಬೆಳಕು ಎಲ್ಲಿ ಹೋಯ್ತು ರೀ?"

"ಬಡಿಸ್ತಾ ಇದೆ ಸಾರ್, ಸ್ವಲ್ಪ ತಡ್ಕೊಳ್ಳಿ," ಎಂದೆ.

ಅಜ್ಜಿ ತಿಂದು ಕೈ ತೊಳೆದು, ನೆರಳಿನಲ್ಲಿ ಹಗ್ಗ ಹಿಡಿದು ಬೆವರುತ್ತಿದ್ದ ಚಿಕ್ಕ ಯಜಮಾನ್ರ ಹತ್ತಿರ ಹೋದರು. "ನೀನು ತಿನ್ನಲ್ವೇನಪ್ಪ?"

"ಕೈ ಬಿಡಂಗಿಲ್ಲ ಕಣಜ್ಜಿ."

ಅಜ್ಜಿ ಹಗ್ಗವನ್ನು ಮೇಲಿನವರೆಗೆ ನೋಡಿದರು. ಏನೋ ದೊಡ್ಡ ಹರಕೆ ಹೊತ್ತವನು ಎಂದುಕೊಂಡಿರಬೇಕು. ಅವರ ಬಾಯಿಗೆ ತಾವೇ ಮೂರು ತುತ್ತು ಇಟ್ಟು, "ನೀನು ಕೇಳ್ಕೊಂಡಿದ್ದು ನಡೀಲಿ," ಎಂದು ಹರಸಿ ಹೋದರು. ಅಣ್ಣನಿಗೆ ಗೊತ್ತಾಗದಿರಲಿ ಎಂದು ಚಿಕ್ಕ ಯಜಮಾನ್ರು ಆಗಲೇ ಕೇಳಿಕೊಂಡರಂತೆ.

೬. ದೊಡ್ಡ ಪ್ರಿಂಟು

ಬಡಿಸುವ ಮುಂಚೆ ತೆಗೆದ ಆ ಒಂದು ಫೋಟೋ ಬಂತು ನೋಡಿ. ಕಲ್ಲು ಕಲ್ಲಿನ ಬಣ್ಣ, ಅಂಗಿ ಚಿನ್ನದ ಹಳದಿ, ಮುಖ ನಿಚ್ಚಳ, ಕಂದು ಬಂಡೆಯ ಮೇಲೆ ಬಿಳಿ ಹಗ್ಗ ಗೆರೆ ಎಳೆದ ಹಾಗೆ. ಮೇಷ್ಟ್ರು ಅದನ್ನು ಸ್ಟುಡಿಯೋ ಬಾಗಿಲಿನ ಬೆಳಕಿಗೆ ಒಯ್ದು ಮತ್ತೆ ಮತ್ತೆ ನೋಡಿದರು.

ಚಿಕ್ಕ ಯಜಮಾನ್ರು ಕೇಳಿದ್ದು ಬೇರೆ. "ನಾನೆಲ್ಲಿ?"

"ಇಲ್ಲಿ, ಕೆಳಗೆ ನೆರಳಲ್ಲಿ. ಬೆಂಕಿಕಡ್ಡಿಯಷ್ಟು," ಎಂದು ತೋರಿಸಿದೆ. ಕಪ್ಪಗೆ ಏನೋ ನಿಂತಂತಿತ್ತು, ಅಷ್ಟೇ.

"ಚೆನ್ನಾಗೈತೆ. ಬೆಂಕಿಕಡ್ಡೀನ ಯಾರೂ ಗುರುತು ಹಿಡಿಯಲ್ಲ."

ಆದರೆ ಅಧ್ಯಕ್ಷರ ಕಣ್ಣು ಮಂಜು. ಸಣ್ಣ ಪ್ರಿಂಟಿನಲ್ಲಿ ಹಗ್ಗ ಕಾಣಲಿಲ್ಲ ಎಂದುಬಿಟ್ಟರೆ ಮಕ್ಕಳ ಹತ್ತಾಟ ಅಲ್ಲಿಗೆ ಮುಗಿಯಿತು. ಕ್ಯಾಲೆಂಡರ್ ಗಾತ್ರದ ಪ್ರಿಂಟು ಮಾಡಿಸಲು ಲ್ಯಾಬಿಗೆ ಹೇಳಿದೆ. ಅದು ಬಂದದ್ದು ಸಭೆಯ ದಿನವೇ. ಸುರುಳಿ ಸುತ್ತಿದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು, ಬಿಚ್ಚಿ ನೋಡಲೂ ಪುರಸೊತ್ತಿಲ್ಲದೆ ನಾನೂ ಮೇಷ್ಟ್ರೂ ನೇರ ಮಂಡಿಗೆ ಹೋದೆವು.

ಅಧ್ಯಕ್ಷರು ಗಾದಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಚಿಕ್ಕ ಯಜಮಾನ್ರು. ಮೇಷ್ಟ್ರು ಪ್ರಿಂಟು ಬಿಚ್ಚಿ, ಸುತ್ತಿಕೊಳ್ಳದ ಹಾಗೆ ನಾಲ್ಕು ಮೂಲೆಗೂ ಒಂದೊಂದು ಕೊಬ್ಬರಿ ಇಟ್ಟರು. ಅಧ್ಯಕ್ಷರು ಕನ್ನಡಕ ಏರಿಸಿ ಬೆರಳಿಟ್ಟರು.

"ಇವರು ಮೇಷ್ಟ್ರು. ಮುಖ ಕಾಣ್ತೈತೆ. ಸೊಂಟಕ್ಕೆ ಹಗ್ಗ ಐತೆ. ಗಂಟೂ ಕಾಣ್ತೈತೆ."

ಮೇಷ್ಟ್ರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಹಗ್ಗ ಮೇಲಕ್ಕೆ ಹೋಗ್ತೈತೆ." ಬೆರಳು ಮೇಲಕ್ಕೆ ಹೋಯಿತು. "ಇಲ್ಲಿ ಕೊಂಡಿ. ಸರಿ. ಇಲ್ಲಿಂದ ಕೆಳಕ್ಕೆ ಬರ್ತೈತೆ." ಬೆರಳು ಮೆಲ್ಲಗೆ ಕೆಳಗಿಳಿಯತೊಡಗಿತು.

ಆಗ ನಾನು ಬೆರಳಿಗಿಂತ ಮುಂದೆ ನೋಡಿದೆ. ಲ್ಯಾಬಿನವರು ಕೊಟ್ಟ ಮಾತು ಉಳಿಸಿಕೊಂಡಿದ್ದರು. ಕೆಳಗೊಬ್ಬರು ಕತ್ತಲಲ್ಲಿ ಇದ್ದಾರಲ್ಲ, ಪಾಪ, ಎಂದು ಆ ಮೂಲೆಯೊಂದಕ್ಕೇ ಬೆಳಕು ಹೆಚ್ಚು ಮಾಡಿಬಿಟ್ಟಿದ್ದರು.

ಚಿಕ್ಕ ಯಜಮಾನ್ರು ಎದ್ದರು. "ಅಣ್ಣಯ್ಯ, ಲಾರಿ ಬಂದಂಗಾಯ್ತು, ನೋಡ್ಕೊಂಡು ಬತ್ತೀನಿ."

"ಕೂತ್ಕೊ."

ಕೂತರು. ಬೆರಳು ಹಗ್ಗದ ತುದಿಗೆ ಬಂದು ನಿಂತಿತು. ಕಾಲು ಅಗಲಿಸಿ, ಹಲ್ಲು ಕಚ್ಚಿ, ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸಿ, ಒಬ್ಬ ಪೂರಾ ಮನುಷ್ಯನ ಭಾರ ತಡೆದು ನಿಂತಿದ್ದಾರೆ. ಹಣೆಯ ಬೆವರೂ ಕಾಣುತ್ತಿತ್ತು.

"ಯಾರ್ಲಾ ಇದು?"

"ನನ್ನಂಗೇ ಅವ್ನಲ್ವಾ ಅಣ್ಣಯ್ಯ," ಎಂದರು ಚಿಕ್ಕ ಯಜಮಾನ್ರು.

ಅಧ್ಯಕ್ಷರು ಫೋಟೋ ನೋಡಿದರು, ತಮ್ಮನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. ಮಕ್ಕಳ ಕಥೆ ಮುಗಿಯಿತು ಎಂದು ಮೇಷ್ಟ್ರು ನೆಲ ನೋಡುತ್ತಿದ್ದರು. ಕೊನೆಗೆ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು.

"ಮೇಷ್ಟ್ರೇ, ಕೆಳಗೆ ಹಗ್ಗ ಹಿಡಿಯೋರು ಯಾರು ಅನ್ನೋದೇ ನನಗಿದ್ದ ಭಯ. ಇವನಾದ್ರೆ ಭಯ ಇಲ್ಲ. ಸಣ್ಣೋನಿದ್ದಾಗಿಂದ್ಲೂ ಕೈಗೆ ಸಿಕ್ಕಿದ್ದನ್ನ ಬಿಟ್ಟೋನಲ್ಲ. ಮಕ್ಕಳು ಹತ್ಲಿ, ಸಭೇಲಿ ನಾನು ಹೇಳ್ತೀನಿ. ಒಂದೇ ಮಾತು. ಹತ್ತೋದನ್ನ ಶನಿವಾರ ಮಧ್ಯಾಹ್ನಕ್ಕೆ ಇಟ್ಕಳಿ. ಭಾನುವಾರ ಇವನಿಗೆ ಬೆನ್ನು ವಾಸಿಯಾಗೈತೆ."

ಮಕ್ಕಳು ಹತ್ತಿದರು, ಆಮೇಲೂ ಬಹಳ ವರ್ಷ ಹತ್ತಿದರು. ಆ ಫೋಟೋವನ್ನು ಅಧ್ಯಕ್ಷರು ಫ್ರೇಮು ಹಾಕಿಸಿ ಮಂಡಿಯ ಗೋಡೆಗೆ ತೂಗುಹಾಕಿದರು. ಚಿಕ್ಕ ಯಜಮಾನ್ರು ಸೊಂಟ ಹಿಡಿದುಕೊಂಡು ನರಳಿದಾಗಲೆಲ್ಲ ಅವರು ಗೋಡೆಯ ಕಡೆ ಒಂದು ಸಲ ನೋಡುತ್ತಿದ್ದರು.

ಫ್ರೇಮಿನೊಳಗೆ ಇದ್ದದ್ದು ಇಡೀ ಫೋಟೋ ಅಲ್ಲ ಎಂಬುದನ್ನೂ ಹೇಳಬೇಕು. ಕೆಳಗಿನ ಮೂಲೆಯನ್ನು ಮಾತ್ರ ಗೋಡೆಯಷ್ಟು ದೊಡ್ಡದು ಮಾಡಿಸಿಕೊಡಿ ಎಂದು ಅವರು ನನಗೆ ಹೇಳಿದ್ದರು. ಮಾಡಿಸಿಕೊಟ್ಟೆ. ಇಷ್ಟು ತಿಂಗಳು ಒದ್ದಾಡಿ ಕಾಣುವಂತೆ ಮಾಡಿದ ಮೇಷ್ಟ್ರಲ್ಲಿ ಅದರೊಳಗೆ ಉಳಿದದ್ದು, ಮೇಲಿನ ಅಂಚಿನಲ್ಲಿ, ಒಂದು ಶೂ. ಬಣ್ಣ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.